ಸ್ವಲ್ಪ ಸೈಡ್ ಕೊಡ್ರಿ

ಬೈಪಾಸ್ ಪಕ್ಕದ ಯಾವುದಾದ್ರೂ ಟೀ ಅಂಗಡಿ ಮುಂದೆ ಒಂದು ಹತ್ತು ನಿಮಿಷ ನಿಂತು ನೋಡ್ರಿ. ಈ ಕಡೆ ಮೂರು ಲೇನು, ಆ ಕಡೆ ಮೂರು ಲೇನು, ನಡುವೆ ಡಿವೈಡರ್. ಎಡಗಡೆ ಲೇನು ಹೆಚ್ಚೂಕಡಿಮೆ ಖಾಲಿ ಬಿದ್ದಿರುತ್ತೆ. ಬಲಗಡೆ ಲೇನಲ್ಲಿ, ಡಿವೈಡರ್‌ಗೆ ಅಂಟಿಕೊಂಡ ಹಾಗೆ, ಲೋಡು ತುಂಬಿದ ಲಾರಿ ಐವತ್ತರ ಸ್ಪೀಡಲ್ಲಿ ಹುಬ್ಬಳ್ಳಿ ಕಡೆ ಹೊರಟಿರುತ್ತೆ. ಅದರ ಬೆನ್ನಿಗೆ ಒಂದು ಕಾರು, ಲೈಟ್ ಹೊಡೀತಾ, ಹಾರ್ನ್ ಮಾಡ್ತಾ. ಲಾರಿ ಸರಿಯೋದಿಲ್ಲ. ಕಾರಿನವನು ಕಾದು ಕಾದು ಎಡಕ್ಕೆ ಕಟ್ ಹೊಡೆದು, ಲಾರಿ ಬಗಲಲ್ಲಿ ತೂರಿ, ಮುಂದೆ ಹೋಗಿ ಮತ್ತೆ ಬಲಕ್ಕೇ ಬಂದು ಕೂರ್ತಾನೆ. ಇಷ್ಟರಲ್ಲಿ ಅದೇ ಎಡಗಡೆ ಲೇನಲ್ಲಿ ಎದುರಿಗೆ ಒಂದು ಬೈಕು ಬರ್ತಿರುತ್ತೆ, ರಾಂಗ್ ಸೈಡಲ್ಲಿ, ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡು. ಯಾರಿಗೂ ಏನೂ ಆಗಲಿಲ್ಲ ಅಂದ್ರೆ ಅವತ್ತು ದೇವರು ದೊಡ್ಡವನು, ಅಷ್ಟೇ.

ಇದೇನು ದಿನಾ ಇರೋದೇ, ದಾವಣಗೆರೆಯವರಿಗೆ ಹೊಸದೇನು ಅಂತೀರಿ. ದಿನಾ ಇರೋದು ಅನ್ನೋದೇ ನನ್ನ ಸಂಕಟ. ಇಷ್ಟು ಅಗಲದ ರಸ್ತೆ ಸಿಕ್ಕ ಮೇಲೂ ನಾವು ಒಂದೇ ಲೇನಿಗೆ ಮುಗಿಬೀಳ್ತೀವಲ್ಲ, ಅದು ಯಾಕೆ ಅಂತ ನಾನು ಬಹಳ ದಿನದಿಂದ ಯೋಚನೆ ಮಾಡ್ತಿದ್ದೀನಿ. ಇವತ್ತು ನೀವೂ ಬಿಡುವಾಗಿದ್ದೀರಿ, ಕರೆಂಟೂ ಇಲ್ಲ. ಕಾಂಪೌಂಡಿಗೆ ಒರಗಿಕೊಂಡು ಕೇಳ್ರಿ.

ನಮ್ಮೂರಿಗೆ ಈ ರಸ್ತೆ ನಿನ್ನೆ ಮೊನ್ನೆ ಬಂದದ್ದಲ್ಲ. ಊರೊಳಗಿನ ಪಿ.ಬಿ. ರೋಡ್ ಅಂದ್ರೆ ಪೂನಾ–ಬೆಂಗಳೂರು ರೋಡ್. ಬಸ್‌ಸ್ಟ್ಯಾಂಡ್ ಮುಂದೆ, ಅಂಗಡಿ ಸಾಲಿನ ಮುಂದೆ ಅದೇ ರಸ್ತೆ ಹಾದು ದೊಡ್ಡಬಾತಿ ಮೇಲೆ ಹರಿಹರಕ್ಕೆ ಹೋಗುತ್ತೆ. ಅಲ್ಲಿ ತುಂಗಭದ್ರೆ ದಾಟಿದ್ರೆ ರಾಣೆಬೆನ್ನೂರು ತಾಲ್ಲೂಕು. 1956ರ ತನಕ ಆ ಹೊಳೆಯೇ ಮೈಸೂರು ರಾಜ್ಯದ ಗಡಿ. ಆ ದಂಡೆ ಮುಂಬೈ ಕಡೆಯದು. ಆಗಿನಿಂದಲೂ ಉತ್ತರ ದಕ್ಷಿಣದ ಸರಕೆಲ್ಲ ನಮ್ಮ ಬಾಗಿಲ ಮುಂದೇನೇ ಓಡಾಡಿದ್ದು. ಆಮೇಲೆ ಬೈಪಾಸ್ ಬಂತು, ಸುವರ್ಣ ಚತುಷ್ಪಥ ಅಂತ ನಾಲ್ಕು ಲೇನಾಯ್ತು, ಈಗ ಆರು. 2010ರಲ್ಲಿ ನಂಬರೂ ಬದಲಾಯ್ತು: ಎನ್‌ಎಚ್ 4 ಹೋಗಿ 48 ಆಯ್ತು. ನಾವು ಮಾತ್ರ ಈಗಲೂ ಎನ್‌ಎಚ್ ಫೋರ್ ಅಂತೀವಿ, ಓಡಿಸೋದೂ ಹಳೇ ಒಂಟಿ ರಸ್ತೆ ಕಾಲದ ಹಾಗೇ ಓಡಿಸ್ತೀವಿ.

ಆ ಒಂಟಿ ರಸ್ತೆಗೆ ಅದರದೇ ಒಂದು ಮರ್ಯಾದೆ ಇತ್ತು. ಲಾರಿಯಲ್ಲಿ ಡ್ರೈವರ್ ಜೊತೆಗೆ ಕ್ಲೀನರ್ ಇರ್ತಿದ್ದ. ಹಿಂದಿನಿಂದ ಹಾರ್ನ್ ಕೇಳಿದ್ರೆ ಕ್ಲೀನರ್ ಎಡಗಡೆ ಬಾಗಿಲಿಂದ ಮೈ ಹೊರಗೆ ಹಾಕಿ ಹಿಂದೆ ನೋಡೋನು. "ಸೈಡ್ ಕೊಡಣ್ಣ" ಅಂತ ಒಳಗೆ ಕೂಗೋನು. ಡ್ರೈವರ್ ಎಡಗಾಲಿ ಮಣ್ಣಿಗಿಳಿಸಿ ಜಾಗ ಬಿಟ್ಟು, ಎದುರಿಗೆ ಯಾವ ಗಾಡಿಯೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬಲಗೈ ಹೊರಗೆ ಚಾಚಿ ಮುಂದಕ್ಕೆ ಬೀಸೋನು: ಹೋಗು, ಹೋಗು. ಎದುರಿಗೆ ಗಾಡಿ ಇದ್ರೆ ಅದೇ ಕೈ ಕೆಳಗೆ ಮಾಡಿ ಅಲ್ಲಾಡಿಸೋನು: ತಡಿ. ದಾಟಿ ಹೋದವನು ಒಂದು ಸಣ್ಣ ಹಾರ್ನ್ ಮಾಡಿ ಮುಂದೆ ಹೋಗೋನು, ಅದು ಉಪಕಾರ ಸ್ಮರಣೆ. ಮುಂದಿನವನ ಕಣ್ಣನ್ನ ನಂಬಿ ಹಿಂದಿನವನು ತನ್ನ ಪ್ರಾಣ ಅವನ ಕೈಗೆ ಕೊಡ್ತಿದ್ದ. ಗುರುತು ಪರಿಚಯ ಇಲ್ಲದವರ ನಡುವೆ ಅಂಥ ನಂಬಿಕೆ ಇತ್ತು ಅನ್ನೋದನ್ನ ನೆನೆಸಿಕೊಂಡ್ರೆ ನನಗೆ ಈಗಲೂ ಮೈ ಜುಮ್ಮನ್ನುತ್ತೆ.

ಈಗ ಬಹಳ ಲಾರಿಯಲ್ಲಿ ಕ್ಲೀನರ್ ಇಲ್ಲ. ಬಾಡಿಗೆ ಗಿಟ್ಟೋದಿಲ್ಲ, ಒಬ್ಬನೇ ಡ್ರೈವರ್. ಕ್ಯಾಬಿನ್ನಿಗೆ ಎ.ಸಿ. ಬಂದು ಕಿಟಕಿಯೂ ಮುಚ್ಚಿತು. ಕೈ ಹೋಯ್ತು, ಅದರ ಜಾಗಕ್ಕೆ ಇಂಡಿಕೇಟರ್ ಬಂತು. ಇಲ್ಲೇ ನೋಡ್ರಿ ಎಡವಟ್ಟಾಗಿದ್ದು. ಕೈ ಬೀಸಿದ್ರೆ ಹೋಗು ಅಂತ ಮಗುವಿಗೂ ತಿಳಿಯುತ್ತೆ. ಬಲಗಡೆ ಇಂಡಿಕೇಟರ್ ಮಿಣಮಿಣ ಅಂದ್ರೆ ಏನರ್ಥ? ನಾನು ಬಲಕ್ಕೆ ಬರ್ತೀನಿ ಅಂತ ಕಾನೂನು ಹೇಳುತ್ತೆ. ಬಲಗಡೆಯಿಂದ ನೀನು ಹೋಗು ಅಂತ ಕೆಲವು ಡ್ರೈವರ್‌ಗಳು ಹಾಕ್ತಾರೆ. ಎದುರಿಗೆ ಗಾಡಿ ಬರ್ತಿದೆ, ಬಲಕ್ಕೆ ಬರಬೇಡ ಅಂತ ಇನ್ನು ಕೆಲವರು ಹಾಕ್ತಾರೆ. ಒಂದೇ ದೀಪ, ಮೂರು ಅರ್ಥ, ಅದರಲ್ಲಿ ಎರಡು ಒಂದಕ್ಕೊಂದು ಪೂರಾ ಉಲ್ಟಾ. ಹೊನ್ನಾಳಿ ರಸ್ತೆಯಂಥ ಡಿವೈಡರ್ ಇಲ್ಲದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡವನು ಆ ದೀಪ ನೋಡಿ ಯಾವ ಅರ್ಥ ಮಾಡಿಕೊಳ್ಳಬೇಕು? ನಾನಂತೂ ಇಂಡಿಕೇಟರ್‌ನ ಒಂದೇ ಅರ್ಥಕ್ಕೆ ಇಡಬೇಕು ಅನ್ನೋ ಪಕ್ಷ. ನಾನು ಯಾವ ಕಡೆ ತಿರುಗ್ತೀನೋ ಆ ಕಡೆ ದೀಪ, ಬೇರೆ ಏನಕ್ಕೂ ಬೇಡ. ಓವರ್‌ಟೇಕ್ ಮಾಡೋನು ಮುಂದಿನವನ ದೀಪ ನಂಬದೆ, ತನ್ನ ಕಣ್ಣಿಗೆ ರಸ್ತೆ ಕಂಡಾಗ ಮಾತ್ರ ಹೋಗಬೇಕು.

ಇನ್ನು ಬಲಗಡೆ ಲೇನಿನ ವಿಷಯ. ಈ ಲಾರಿಯವರು ಯಾಕೆ ಅಲ್ಲಿಂದ ಕದಲೋದಿಲ್ಲ ಅಂತ ನಮ್ಮ ಓಣಿಯ ಹಳೇ ಡ್ರೈವರ್ ಒಬ್ಬರನ್ನ ಕೇಳಿದೆ. ನಮ್ಮ ಮೆಕ್ಕೆಜೋಳವನ್ನ ನಾಮಕ್ಕಲ್ ಕಡೆ ಕೋಳಿ ಆಹಾರದ ಕಾರ್ಖಾನೆಗಳಿಗೆ ವರ್ಷಾನುಗಟ್ಟಲೆ ಹೊತ್ತವರು ಅವರು. ಸೊಕ್ಕು, ಮತ್ತೇನು ಅಂತಾರೇನೋ ಅಂದುಕೊಂಡಿದ್ದೆ. ಅವರು ಹೇಳಿದ್ದೇ ಬೇರೆ.

"ಎಡಗಡೆ ಲೇನಲ್ಲಿ ಏನೇನು ಬರುತ್ತೆ ಲೆಕ್ಕ ಹಾಕ್ರಿ," ಅಂದ್ರು. "ಸರ್ವಿಸ್ ರೋಡಿಂದ ಹಿಂದೆ ಮುಂದೆ ನೋಡದೆ ನುಗ್ಗೋ ಬೈಕು. ರಾಂಗ್ ಸೈಡಲ್ಲಿ ಬರೋ ಆಟೋ. ಊರ ಗೇಟಲ್ಲಿ ಕೈ ಮಾಡಿದ್ರೆ ಗಕ್ಕನೆ ನಿಲ್ಲೋ ಬಸ್ಸು. ಟೈರ್ ಪಂಕ್ಚರ್ ಆಗಿ ನಿಂತ ಗಾಡಿ, ಹಿಂದೆ ಎರಡು ಕಲ್ಲು, ಒಂದು ಹಿಡಿ ಬೇವಿನ ಸೊಪ್ಪು, ದೀಪ ಇಲ್ಲ. ರಾತ್ರಿ ಹೊತ್ತು ಹಿಂದೆ ಕೆಂಪು ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರ್. ಇಪ್ಪತ್ತೈದು ಟನ್ ಹೊತ್ತ ಗಾಡಿ ಕಾರಿನ ಹಾಗೆ ನಿಲ್ಲೋದಿಲ್ಲ ಸ್ವಾಮಿ. ಒಂದು ಸಲ ಬ್ರೇಕ್ ಹಿಡಿದು ಅರವತ್ತರಿಂದ ಇಪ್ಪತ್ತಕ್ಕೆ ಇಳಿಸಿದ್ರೆ ಮತ್ತೆ ಅರವತ್ತಕ್ಕೆ ಏರಿಸೋಕೆ ಎಷ್ಟು ಗೇರು, ಎಷ್ಟು ಡೀಸೆಲ್ಲು! ಅದೂ ಅಲ್ಲದೆ ಹೆವಿ ಗಾಡಿ ಓಡಿ ಓಡಿ ಎಡಗಡೆ ಲೇನು ಗಾಲಿ ಜಾಡಲ್ಲಿ ಕುಸಿದಿರುತ್ತೆ. ಬಲಗಡೆ ಹೋದ್ರೆ ಒಂದು ಕಡೆ ಡಿವೈಡರ್, ಆ ಕಡೆಯಿಂದ ಯಾರೂ ಬರಲ್ಲ. ಇನ್ನೊಂದು ಕಡೆ ಮಾತ್ರ ನೋಡಿಕೊಂಡ್ರೆ ಸಾಕು."

ಅವರ ಮಾತು ಕೇಳಿದ ಮೇಲೆ ನನಗೆ ಸಿಟ್ಟು ಅರ್ಧ ಇಳೀತು. ಲಾರಿಯವನು ಬಲಕ್ಕೆ ಹೋಗಿದ್ದು ಸೊಕ್ಕಿಗಲ್ಲ, ಎಡಗಡೆಯ ಭಯಕ್ಕೆ. ಆ ಎಡಗಡೆ ಲೇನನ್ನ ಹೀಗೆ ಕೆಡಿಸಿದವರು ಯಾರು? ಹೆದ್ದಾರಿ ಪಕ್ಕದಲ್ಲಿ ಮನೆ, ಹೊಲ, ಅಂಗಡಿ ಇಟ್ಟುಕೊಂಡಿರೋ ನಾವೇ. ಈ ಮಾತಿಗೆ ಆಮೇಲೆ ಬರ್ತೀನಿ. ಅರ್ಧ ಸಿಟ್ಟು ಇನ್ನೂ ಉಳಿದಿದೆಯಲ್ಲ, ಅದನ್ನ ಮೊದಲು ಹೇಳಿಬಿಡ್ತೀನಿ.

ಆ ಅರ್ಧ ಸಿಟ್ಟು ಲಾರಿ–ಲಾರಿ ಪಂದ್ಯದ ಮೇಲೆ. ಮುಂದಿನ ಲಾರಿ 58ರಲ್ಲಿ ಹೋಗ್ತಿದೆ ಅನ್ರಿ, ಹಿಂದಿನದು 60ರಲ್ಲಿ. ಹಿಂದಿನವನು ಬಲಕ್ಕೆ ಬಂದು ದಾಟೋಕೆ ಹೊರಡ್ತಾನೆ. ಎರಡೂ ಲಾರಿಯ ಉದ್ದ, ಹಿಂದೆ ಮುಂದೆ ಬಿಡಬೇಕಾದ ಜಾಗ ಎಲ್ಲ ಸೇರಿ ಒಂದು 65 ಮೀಟರ್ ಹೆಚ್ಚಿಗೆ ಓಡಬೇಕು. ಗಂಟೆಗೆ 2 ಕಿಲೋಮೀಟರ್ ವ್ಯತ್ಯಾಸದಲ್ಲಿ ಆ 65 ಮೀಟರ್‌ಗೆ ಹತ್ತಿರ ಹತ್ತಿರ 2 ನಿಮಿಷ ಬೇಕು. ಆ 2 ನಿಮಿಷದಲ್ಲಿ ಇಬ್ಬರೂ ಹೆಚ್ಚೂಕಡಿಮೆ 2 ಕಿಲೋಮೀಟರ್ ಜೋಡಿಯಾಗಿ ಓಡಿರ್ತಾರೆ. ನಾಲ್ಕು ಲೇನಿನ ರಸ್ತೆಯಾದ್ರೆ ಅಷ್ಟು ದೂರವೂ ಪೂರ್ತಿ ಬಂದ್. ಹಿಂದೆ ಆಂಬುಲೆನ್ಸ್ ಇದ್ರೂ ಅಷ್ಟೇ. ಇಷ್ಟಕ್ಕೆ ಗೆದ್ದವನು ಗಳಿಸಿದ್ದೇನು? ಟೋಲ್ ಗೇಟಿನ ಕ್ಯೂನಲ್ಲಿ ಒಂದು ನಂಬರ್ ಮುಂದೆ. 58ರವನು ಸ್ವಲ್ಪ ಹೊತ್ತು ಆಕ್ಸಿಲರೇಟರ್ ಸಡಿಲ ಬಿಟ್ಟಿದ್ರೆ ಎಲ್ಲ ಎಷ್ಟೋ ಬೇಗ ಮುಗೀತಿತ್ತು. ಅದು ಬರೀ ಸೌಜನ್ಯದ ಮಾತಲ್ಲ, ಕಾನೂನೂ ಅದರ ಹತ್ತಿರಕ್ಕೆ ಬರುತ್ತೆ: ಇನ್ನೊಬ್ಬ ನಿಮ್ಮನ್ನ ದಾಟ್ತಿರುವಾಗ ನೀವು ಸ್ಪೀಡ್ ಏರಿಸಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ನಮ್ಮಲ್ಲಿ ಹಿಂದಿನವನು ದಾಟೋಕೆ ಬಂದ ಕೂಡಲೇ ಮುಂದಿನವನ ಕಾಲು ತಾನಾಗಿ ಒತ್ತುತ್ತೆ. ದಾಟಿಸಿಕೊಂಡ್ರೆ ಅವಮಾನ ಅನ್ನೋ ಹಾಗೆ.

ಕಾನೂನು ಅಂದೆನಲ್ಲ, ಅದು ಪುಸ್ತಕ ತೆರೆದು ಓದುವಷ್ಟು ದೊಡ್ಡದೇನಲ್ಲ. 1989ರ ರಸ್ತೆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸ ನಿಯಮಾವಳಿ ಬಂತು. ಸಾರಾಂಶ ಇಷ್ಟೇ: ಎಡಕ್ಕೆ ಇರು. ದಾಟೋದು ಬಲಗಡೆಯಿಂದ. ಮುಂದಿನವನು ಬಲಕ್ಕೆ ತಿರುಗ್ತೀನಿ ಅಂತ ಸೂಚನೆ ಕೊಟ್ಟು ನಿಂತಿದ್ರೆ ಎಡಗಡೆಯಿಂದ ಹೋಗಬಹುದು. ತಿರುವಲ್ಲಿ, ದಿಬ್ಬದ ನೆತ್ತಿಯಲ್ಲಿ, ಮುಂದೆ ಕಾಣದ ಕಡೆ ದಾಟಬೇಡ. ಲೇನ್ ಬದಲಿಸೋ ಮುಂಚೆ ಸೂಚನೆ ಕೊಡು. 2019ರ ತಿದ್ದುಪಡಿ ಆದ ಮೇಲೆ ಈ ನಿಯಮ ಮುರಿದವರಿಗೆ 500ರಿಂದ 1000 ರೂಪಾಯಿ ದಂಡ. ರಾಂಗ್ ಸೈಡ್ ಓಡಿಸೋದು, ನಿಯಮ ಮೀರಿ ಓವರ್‌ಟೇಕ್ ಮಾಡೋದು ಅಪಾಯಕಾರಿ ಚಾಲನೆ ಅಂತ ಸಾಬೀತಾದ್ರೆ ಅದು ಜೈಲಿಗೂ ಹೋಗಬಹುದಾದ ಅಪರಾಧ. ಹೆಲ್ಮೆಟ್ ದಂಡ ಊರಿಗೆಲ್ಲ ಗೊತ್ತು, ಲೇನ್ ದಂಡ ಕಟ್ಟಿದವನನ್ನ ನಾನಿನ್ನೂ ನೋಡಿಲ್ಲ.

ಎಡಗಡೆಯಿಂದ ನುಗ್ಗೋದು ಯಾಕೆ ತಪ್ಪು ಅಂತ ಯಾರೂ ಬಿಡಿಸಿ ಹೇಳೋದಿಲ್ಲ, ಅದಕ್ಕೇ ಹುಡುಗರು ಕೇಳೋದಿಲ್ಲ. ನಮ್ಮ ಗಾಡಿಯಲ್ಲಿ ಸ್ಟಿಯರಿಂಗ್ ಬಲಗಡೆ. ಲಾರಿಯ ಡ್ರೈವರ್ ಕೂತಲ್ಲಿಂದ ಬಲಗಡೆ ಕನ್ನಡಿ ಕೈ ಅಳತೆಯಲ್ಲಿದೆ, ತಲೆ ಹೊರಗೆ ಹಾಕಿದ್ರೆ ಹಿಂದಿನದೆಲ್ಲ ಕಾಣುತ್ತೆ. ಎಡಗಡೆ ಕನ್ನಡಿ ಅಷ್ಟು ದೂರ, ಎತ್ತರದ ಕ್ಯಾಬಿನ್ನಿನ ಆ ತುದಿಗೆ. ಅವನ ಎಡ ಬಾಗಿಲ ಕೆಳಗೆ, ಮುಂದಿನ ಗಾಲಿಯ ಪಕ್ಕ ಬಂದ ಬೈಕಾಗಲಿ ಸಣ್ಣ ಕಾರಾಗಲಿ ಅವನ ಕಣ್ಣಿಗೆ ಇಲ್ಲವೇ ಇಲ್ಲ. ಹಿಂದೆ ಆ ಬಾಗಿಲಲ್ಲಿ ಕ್ಲೀನರ್ ಇದ್ದ, ಈಗ ಅವನೂ ಇಲ್ಲ. ಹಿಂದಿನಿಂದ ಲೈಟ್ ಹೊಡೆದವನಿಗೆ ಜಾಗ ಬಿಡೋಣ ಅಂತ ಆ ಪುಣ್ಯಾತ್ಮ ಎಡಕ್ಕೆ ಎಳೆಯೋ ಹೊತ್ತಿಗೂ ಇವನು ತಾಳ್ಮೆಗೆಟ್ಟು ಎಡಕ್ಕೆ ತೂರೋ ಹೊತ್ತಿಗೂ ಸರಿಯಾಗಿ ಬಿದ್ರೆ, ಸೈಡ್ ಕೊಟ್ಟವನೇ ಪ್ರಾಣ ತೆಗೆದ ಹಾಗೆ. ಎಲ್ಲೆಲ್ಲಿ ಹೀಗೆ ಅಪಘಾತ ಆಗಿದೆ ಅಂತ ಯಾವ ಡ್ರೈವರನ್ನ ಕೇಳಿದ್ರೂ ಒಂದೊಂದು ಊರಿನ ಹೆಸರು ಹೇಳ್ತಾರೆ.

ಕಾರಿನವರನ್ನೂ ನಾನು ಬಿಡೋದಿಲ್ಲ. ಬೆಂಗಳೂರಿಂದ ಶನಿವಾರ ಬರೋ ನಮ್ಮ ಹುಡುಗರನ್ನೇ ನೋಡ್ರಿ. ತುಮಕೂರು ದಾಟಿದ ಮೇಲೆ ಬಲಗಡೆ ಲೇನಿಗೆ ಬಂದವರು ನಮ್ಮೂರ ಹತ್ತಿರದ ಹೆಬ್ಬಾಳು ಟೋಲ್ ತನಕ ಅಲ್ಲೇ. ನಾನು ನೂರರಲ್ಲಿ ಹೋಗ್ತಿದ್ದೀನಿ, ಅದಕ್ಕಿಂತ ಜೋರಾಗಿ ಹೋಗೋಕೆ ಕಾನೂನು ಇಲ್ಲ, ನಾನ್ಯಾಕೆ ಸರೀಬೇಕು ಅಂತ ವಾದ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಲ್ಲಿ ಡಿವೈಡರ್ ಇರೋ ನಾಲ್ಕು ಲೇನಿನ ರಸ್ತೆಗೆ ಕಾರಿನ ಮಿತಿ 100, ಲಾರಿಗೆ 80 ಅಂತ ಇರೋದು ಹೌದು. ಆದ್ರೆ ಹಿಂದಿನವನಿಗೆ ವೇಗಮಿತಿ ಕಲಿಸೋ ಕೆಲಸ ಯಾರೂ ನಮಗೆ ಕೊಟ್ಟಿಲ್ಲ. ಅವನ ಕಾರಲ್ಲಿ ಹೆರಿಗೆ ನೋವಿನ ಹೆಂಗಸು ಇರಬಹುದು, ಎದೆ ಹಿಡಿದುಕೊಂಡ ಅಪ್ಪ ಇರಬಹುದು. ಏನೂ ಇಲ್ಲದೆ ಬರೀ ಪುಂಡನೇ ಆಗಿರಬಹುದು. ಆಗಂತೂ ಅವನು ನನ್ನ ಬೆನ್ನಿಗಿಂತ ನನ್ನ ಮುಂದೆ ಇರೋದೇ ನನಗೆ ಕ್ಷೇಮ. ಬಲಗಡೆ ಲೇನು ಅಂದ್ರೆ ಈ ಕಾಂಪೌಂಡ್ ಮೇಲೆ ನಾವು ನೀವು ಒಂದು ಬಟ್ಟಲು ಸಕ್ಕರೆ ಕಡ ಇಸ್ಕೊಳ್ಳೋ ಹಾಗೆ. ಇಸ್ಕೊಂಡು, ಕೆಲಸ ಮುಗಿಸಿ, ವಾಪಸ್ ಕೊಡಬೇಕು.

ಸ್ಪೀಡಿಂದ ಉಳಿಯೋದಾದ್ರೂ ಎಷ್ಟು? ಇಲ್ಲಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಎಲ್ಲೂ ನಿಲ್ಲದೆ 90ರಲ್ಲಿ ಹೋದ್ರೂ 100ರಲ್ಲಿ ಹೋದ್ರೂ ವ್ಯತ್ಯಾಸ 17 ನಿಮಿಷ. ಹರಿಹರಕ್ಕೆ 14 ಕಿಲೋಮೀಟರ್; 60ರ ಬದಲು 80ರಲ್ಲಿ ಹೋದ್ರೆ ಉಳಿಯೋದು ಮೂರೂವರೆ ನಿಮಿಷ. ಅಷ್ಟು ಹೊತ್ತಲ್ಲಿ ಒಂದು ಬೆಣ್ಣೆ ದೋಸೆ ಕಾವಲಿಯಿಂದ ಏಳೋದಿಲ್ಲ.

ನಮ್ಮೂರವರು ಈ ವಿಷಯವನ್ನ ಹಗುರವಾಗಿ ಆಡೋ ಹಾಗಿಲ್ಲ. 2021ರ ಜನವರಿ 15ನೇ ತಾರೀಖು ನಿಮಗೂ ನೆನಪಿದೆ. ಸಂಕ್ರಾಂತಿ ಮಾರನೇ ದಿನ. ಜೊತೆಯಲ್ಲಿ ಓದಿದ ಗೆಳತಿಯರು, ಮನೆ ಮಕ್ಕಳು ಕೆಲಸ ಎಲ್ಲ ಒಂದೆರಡು ದಿನ ಬದಿಗಿಟ್ಟು ಟೆಂಪೋ ಟ್ರಾವೆಲರ್‌ನಲ್ಲಿ ಗೋವಾ ನೋಡೋಕೆ ಹೊರಟಿದ್ರು. ಧಾರವಾಡದ ಹತ್ತಿರ ಇಟ್ಟಿಗಟ್ಟಿ ಬಳಿ, ಬೈಪಾಸ್‌ನಲ್ಲಿ, ಎದುರಿಂದ ಬಂದ ಟಿಪ್ಪರ್‌ಗೆ ಡಿಕ್ಕಿ. ಹತ್ತಕ್ಕೂ ಹೆಚ್ಚು ಜೀವ ಹೋಯ್ತು. ಅವತ್ತು ಈ ಊರಿನ ಎಷ್ಟು ಓಣಿಗಳಲ್ಲಿ ಒಲೆ ಹಚ್ಚಲಿಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಯಾರ ತಪ್ಪು ಅನ್ನೋದು ನನ್ನ ಮಾತಲ್ಲ. ನಾನು ಹೇಳೋದು ಆ ರಸ್ತೆಯ ವಿಷಯ. ಆಗ ಪುಣೆಯಿಂದ ಬೆಂಗಳೂರಿನ ತನಕ ಹಿಂದೆ ಮುಂದೆ ಎಲ್ಲ ಕನಿಷ್ಠ ನಾಲ್ಕು ಲೇನು, ಡಿವೈಡರ್ ಇತ್ತು. ಹುಬ್ಬಳ್ಳಿ–ಧಾರವಾಡದ ಮಧ್ಯೆ ಸುಮಾರು 30 ಕಿಲೋಮೀಟರ್ ಮಾತ್ರ ಎರಡೇ ಲೇನು, ನಡುವೆ ಏನೂ ಇರಲಿಲ್ಲ. ನೂರಾರು ಕಿಲೋಮೀಟರ್ ಅಗಲದ ರಸ್ತೆಗೆ ಒಗ್ಗಿದ ಕಣ್ಣು, ಕಾಲು, ಅದೇ ಸ್ಪೀಡಲ್ಲಿ ಅಲ್ಲಿಗೆ ಬಂದು ಇಳೀತಿತ್ತು. ಅಲ್ಲಿ ಬಲಗಡೆ ಅಂದ್ರೆ ಎದುರಿಂದ ಬರೋರ ಜಾಗ ಆಗಿತ್ತು. ಎರಡೂ ಕಡೆ 80ರಲ್ಲಿ ಬಂದ್ರೆ ನಡುವಿನ ಜಾಗ ಸೆಕೆಂಡಿಗೆ 44 ಮೀಟರ್ ಲೆಕ್ಕದಲ್ಲಿ ಕರಗುತ್ತೆ. ಇನ್ನೂರು ಮೀಟರ್ ದೂರ ಇದೆಯಲ್ಲ ಅಂತ ಹೊರಟವನಿಗೆ ಐದು ಸೆಕೆಂಡೂ ಸಿಗೋದಿಲ್ಲ. ಆ ರಸ್ತೆ ಅಗಲ ಮಾಡ್ರಿ ಅಂತ ಆ ಹೆಣ್ಣುಮಕ್ಕಳ ಮನೆಯವರು ಬೀದಿಗಿಳಿದು ಕೇಳಿದ್ರು. ಆಮೇಲೆ ಆರು ಲೇನಿನ ಕೆಲಸಕ್ಕೆ ಕೈ ಹಾಕಿದ್ದು. ಕೇಳಿದವರಿಗೆ ಕೈ ಎತ್ತಿ ಮುಗೀಬೇಕು, ತಮ್ಮ ದುಃಖ ನುಂಗಿಕೊಂಡು ಮುಂದೆ ಹೋಗೋರ ಸಲುವಾಗಿ ನಿಂತರು.

ರಸ್ತೆ ಅಗಲ ಮಾಡಿದ್ರಷ್ಟೇ ಸಾಲದು; ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಕಥೆ ಗೊತ್ತಲ್ಲ. 2023ರ ಮಾರ್ಚ್ 12ಕ್ಕೆ ಉದ್ಘಾಟನೆ ಆಯ್ತು, ಅಪಘಾತದ ಸುದ್ದಿ ಮೇಲೆ ಸುದ್ದಿ ಬಂತು, ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನ ಮುಖ್ಯ ರಸ್ತೆಗೆ ಬಿಡೋದು ನಿಲ್ಲಿಸಿದ್ರು. ಅಲ್ಲಿ ಕ್ಯಾಮೆರಾ ಕಣ್ಣೂ ಇದೆ. ಬೈಕಿನವರ ಹೊಟ್ಟೆ ಮೇಲೆ ಹೊಡೆದ ಹಾಗಾಯ್ತು ಅಂತ ಕೂಗು ಎದ್ದಿತು, ಅದರಲ್ಲೂ ಸತ್ಯ ಇದೆ. ಪಕ್ಕದ ಸರ್ವಿಸ್ ರಸ್ತೆ ಸರಿಯಾಗಿ ಮಾಡಿಕೊಡದೆ ಮುಖ್ಯ ರಸ್ತೆ ಮುಚ್ಚಿದ್ರೆ ಬಡವ ಎಲ್ಲಿ ಓಡಾಡಬೇಕು? ಆದ್ರೆ ನೂರರಲ್ಲಿ ಓಡೋ ಕಾರು, ಇಪ್ಪತ್ತರಲ್ಲಿ ಓಡೋ ಟ್ರ್ಯಾಕ್ಟರ್ ಒಂದೇ ಲೇನಲ್ಲಿ ಇರಬಾರದು ಅನ್ನೋದು ಅಲ್ಲಿ ಒಪ್ಪಿಗೆಯಾದ ಸಂಗತಿ. ನಮ್ಮ ಎನ್‌ಎಚ್ 48ಕ್ಕೂ ಆ ಮಾತು ಬರಲೇಬೇಕು.

ಹೊರದೇಶದಲ್ಲಿರೋ ನಮ್ಮವರು ಬಂದಾಗ ಲೇನ್ ಶಿಸ್ತಿನ ಮಾತನ್ನೇ ಹೇಳ್ತಾರೆ. ಇಂಗ್ಲೆಂಡಿನಲ್ಲೂ ನಮ್ಮ ಹಾಗೇ ಎಡಗಡೆ ಓಡಿಸೋದು. ದಾಟೋದಿಲ್ಲ ಅಂದ್ರೆ ಎಡ ಲೇನಿಗೇ ಬಾ ಅಂತ ಅವರ ನಿಯಮ. ಮೂರು ಲೇನಿನ ಮೋಟರ್‌ವೇಯಲ್ಲಿ ದೊಡ್ಡ ಲಾರಿಗಳು ಬಲತುದಿಯ ಲೇನಿಗೆ ಬರೋ ಹಾಗೇ ಇಲ್ಲ. ಮಧ್ಯದ ಲೇನಲ್ಲಿ ಸುಮ್ಮನೆ ಕೂತವರಿಗೆ ಸ್ಥಳದಲ್ಲೇ 100 ಪೌಂಡ್ ದಂಡ ಹಾಕೋ ಅಧಿಕಾರವನ್ನ 2013ರಲ್ಲಿ ಅಲ್ಲಿನ ಪೊಲೀಸರಿಗೆ ಕೊಟ್ಟರು. ಅಂದ್ರೆ ಅವರಿಗೂ ಈ ರೋಗ ಇತ್ತು ಅಂತಾಯ್ತು. ನಮ್ಮ ಹುಡುಗರು ಅಲ್ಲಿ ಅಚ್ಚುಕಟ್ಟಾಗಿ ಓಡಿಸ್ತಾರೆ, ಇಲ್ಲಿಗೆ ಬಂದ ಮೂರನೇ ದಿನಕ್ಕೆ ಬಲಗಡೆ ಲೇನಲ್ಲಿ ಹಾರ್ನ್ ಒತ್ತಿಕೊಂಡು ನಿಂತಿರ್ತಾರೆ. ಅದರಿಂದ ನಾನು ತಿಳಿದುಕೊಂಡದ್ದು ಏನಂದ್ರೆ, ಶಿಸ್ತು ರಕ್ತದಲ್ಲಿ ಬರೋದಲ್ಲ. ಎಡಗಡೆ ಲೇನಲ್ಲಿ ಎದುರಿಗೆ ಬೈಕ್ ಬರೋದಿಲ್ಲ ಅನ್ನೋ ಭರವಸೆ ಇದ್ರೆ ಯಾರಾದ್ರೂ ಎಡಕ್ಕೆ ಇರ್ತಾರೆ.

ಹಾಗಾಗಿ ಮಾತು ತಿರುಗಿ ನಮ್ಮ ಹತ್ತಿರವೇ ಬರುತ್ತೆ. ಹರಿಹರಕ್ಕೆ ಹೋಗೋ ಹಳೇ ಪಿ.ಬಿ. ರಸ್ತೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ನಿಂತ್ರೆ ಕಾಲೇಜು ಬಸ್ಸು, ಹೊಳೆ ಆಚೆಯ ಕುಮಾರಪಟ್ಟಣಂ ಕಾರ್ಖಾನೆಗೆ ಶಿಫ್ಟಿಗೆ ಹೋಗೋರ ಬೈಕು, ಹಸಿ ಭತ್ತ ತುಂಬಿದ ಟ್ರ್ಯಾಕ್ಟರ್, ಶೇರ್ ಆಟೋ ಎಲ್ಲ ಒಟ್ಟೊಟ್ಟಿಗೆ. ಅಲ್ಲಿ ಹೇಗೋ ಆಗುತ್ತೆ, ಯಾಕಂದ್ರೆ ಎಲ್ಲರದೂ ನಿಧಾನ, ಕಣ್ಣಿಗೆ ಕಣ್ಣು ಸಿಗುತ್ತೆ. ಅದೇ ಅಭ್ಯಾಸವನ್ನ ಹೆದ್ದಾರಿಗೆ ಒಯ್ದಾಗ ಕೆಡುಕು. ಅಂಡರ್‌ಪಾಸ್ ಅರ್ಧ ಕಿಲೋಮೀಟರ್ ಮುಂದಿದೆ; ಅಲ್ಲಿ ತನಕ ಹೋಗಿ ಸುತ್ತಿ ಬರೋಕೆ ಬೇಜಾರು, ಮಳೆಗಾಲದಲ್ಲಿ ಅದರಲ್ಲಿ ನೀರು ಬೇರೆ. ಇಲ್ಲೇ ಪಕ್ಕದಲ್ಲಿ ಹೋಗಿಬಿಡೋಣ, ನಾನು ಅಂಚಲ್ಲಿ ತಾನೆ ಹೋಗೋದು ಅಂತ ಎದುರಾ ನುಗ್ತೀವಿ. ಆ ಅಂಚೇ ಲಾರಿಯವನ ಎಡಗಡೆ ಲೇನು. ನಮಗೆ ಹೆದರಿ ಅವನು ಬಲಕ್ಕೆ ಹೋದ, ಅವನ ಹಿಂದೆ ಕಾರಿನವನು ಎಡಕ್ಕೆ ನುಗ್ಗಿದ. ಸುತ್ತು ಅಲ್ಲಿಂದ ಶುರುವಾಗೋದು. ಅಂಡರ್‌ಪಾಸಲ್ಲಿ ನೀರು ನಿಲ್ಲದ ಹಾಗೆ ಮಾಡೋದು, ಸರ್ವಿಸ್ ರಸ್ತೆಯನ್ನ ಎರಡೂ ಕಡೆ ಪೂರ್ತಿ ಕೂಡಿಸೋದು ಹೆದ್ದಾರಿಯವರ ಕೆಲಸ. ಅದನ್ನ ಅವರಿಂದ ಕೇಳಿ ಮಾಡಿಸಿಕೊಳ್ಳಬೇಕು. ಕೆಲಸ ಆಗೋ ತನಕ ಎದುರಾ ಓಡಾಡ್ತೀನಿ ಅನ್ನೋದು ಮಾತ್ರ ಸಾವಿಗೆ ಸಾಲ ಕೊಟ್ಟಂಗೆ.

ಸುಗ್ಗಿ ಬಂದ್ರೆ ಇನ್ನೊಂದು. ಮೆಕ್ಕೆಜೋಳ ಒಣಗಿಸೋಕೆ ಕಣ ಇಲ್ಲ, ಸರ್ವಿಸ್ ರಸ್ತೆಯ ಕಾದ ಡಾಂಬರಿಗಿಂತ ಒಳ್ಳೆ ಕಣ ಎಲ್ಲಿ ಸಿಗುತ್ತೆ ಅಂತ ರೈತರು ಹಾಸ್ತಾರೆ. ಅರ್ಧ ರಸ್ತೆ ಹಳದಿ, ಸುತ್ತ ತಲೆ ಗಾತ್ರದ ಕಲ್ಲು. ಸಂಜೆ ರಾಶಿ ಮಾಡಿ ತಾಡಪಾಲು ಮುಚ್ಚಿ ಹೋಗ್ತಾರೆ. ಕತ್ತಲಲ್ಲಿ ಆ ರಾಶಿಯೂ ಕಾಣೋದಿಲ್ಲ, ಕಲ್ಲೂ ಕಾಣೋದಿಲ್ಲ. ಸರ್ವಿಸ್ ರಸ್ತೆಯಲ್ಲಿ ಬರಬೇಕಾದ ಬೈಕಿನವನು ಅದಕ್ಕೆ ಹೆದರಿ ಹೆದ್ದಾರಿ ಹತ್ತುತ್ತಾನೆ. ನಾನು ರೈತರನ್ನ ಬೈಯೋದಿಲ್ಲ, ತೇವ ಇದ್ರೆ ಮಂಡಿಯಲ್ಲಿ ರೇಟು ಬೀಳುತ್ತೆ, ಅವರ ಕಷ್ಟ ಅವರಿಗೆ. ಊರಿಗೊಂದು ಒಕ್ಕಣೆ ಕಣ ಕಟ್ಟಿಸಿ ಅಂತ ಪಂಚಾಯ್ತಿಯನ್ನ ಹಿಡಿದು ಕೇಳೋಣ, ನಾನೂ ಬರ್ತೀನಿ. ಅಲ್ಲೀ ತನಕ ಕನಿಷ್ಠ ಕಲ್ಲನ್ನಾದ್ರೂ ಸಂಜೆ ಎತ್ತಿಡಬೇಕು.

ಇನ್ನು ಹೊಸ ಹುಡುಗರ ಲೈಸೆನ್ಸು. ನಿಮ್ಮ ಮಗ ಕೆಎ 17 ಬೋರ್ಡಿನ ಹೊಸ ಕಾರು ಓಡಿಸೋದು ನೋಡಿದೆ, ಕೈ ಚೆನ್ನಾಗಿದೆ. ಆದ್ರೆ ಡ್ರೈವಿಂಗ್ ಸ್ಕೂಲಲ್ಲಿ ಕಲಿಸೋದು ಎಂಟು ಹಾಕೋದು, ರಿವರ್ಸ್ ತೆಗೆಯೋದು, ಏರಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು. ಹೆದ್ದಾರಿಗೆ ಹೇಗೆ ಸೇರಬೇಕು, ಕನ್ನಡಿ ಎಷ್ಟು ಸಲ ನೋಡಬೇಕು, ಮುಂದಿನ ಗಾಡಿಗೂ ನಮಗೂ ಮೂರು ಸೆಕೆಂಡ್ ಅಂತರ ಹೇಗೆ ಎಣಿಸಬೇಕು, ಇದ್ಯಾವುದನ್ನೂ ಅಲ್ಲಿ ಯಾರೂ ಕಲಿಸೋದಿಲ್ಲ. ನೂರರಲ್ಲಿ ಆ ಮೂರು ಸೆಕೆಂಡ್ ಅಂದ್ರೆ 80 ಮೀಟರ್‌ಗೂ ಮೇಲೆ. ಒಂದು ಭಾನುವಾರ ಬೆಳಿಗ್ಗೆ ಅವನ ಪಕ್ಕ ಕೂತು ಆನಗೋಡಿನ ತನಕ ಹೋಗಿ ಬನ್ರಿ. ದಾಟಿದ ಮೇಲೆ, ದಾಟಿಸಿಕೊಂಡ ಗಾಡಿಯ ಎರಡೂ ಹೆಡ್‌ಲೈಟು ಒಳಗಿನ ಕನ್ನಡಿಯಲ್ಲಿ ಪೂರ್ತಿ ಕಂಡಾಗ ಎಡ ಇಂಡಿಕೇಟರ್ ಹಾಕಿ ವಾಪಸ್ ಎಡಕ್ಕೆ ಬರೋದನ್ನ ಅಭ್ಯಾಸ ಮಾಡಿಸ್ರಿ. ಯಾರೂ ಹಿಂದೆ ಇಲ್ಲದಿದ್ರೂ ಬರಲಿ. ಬೇರೇನೂ ಬೇಡ, ಅದೊಂದು ಕೈಗೆ ಬಂದ್ರೆ ಸಾಕು.

ಕೊನೆಗೊಂದು ಕೋರಿಕೆ ಇದೆ, ಬೇಜಾರು ಮಾಡಿಕೊಳ್ಳಬೇಡ್ರಿ. ನಿಮ್ಮ ಹೊಲದ ಟ್ರ್ಯಾಕ್ಟರ್ ಟ್ರೇಲರ್ ನೋಡಿದೆ. ಹಿಂದೆ ಕೆಂಪು ಲೈಟು ಒಡೆದು ಹೋಗಿದೆ, ರೇಡಿಯಂ ಸ್ಟಿಕ್ಕರ್ ಮಣ್ಣಲ್ಲಿ ಮುಚ್ಚಿದೆ. ಮೆಕ್ಕೆಜೋಳ ತುಂಬೋದಕ್ಕೆ ಮುಂಚೆ ಹಲಗೆ ತೊಳೆಸಿ, ಹೊಸ ರೇಡಿಯಂ ಪಟ್ಟಿ ಹೊಡೆಸ್ರಿ, ಎರಡು ಮೂಲೆಗೂ ಕೆಂಪು ದೀಪ ಕಟ್ಟಿಸ್ರಿ. ಖರ್ಚು ಕೆಲವು ನೂರು ರೂಪಾಯಿ. ಪಕ್ಕದ ಹೊಲದವರಿಗೂ ಹೇಳ್ರಿ. ಮಂಡಿಗೆ ಹೋಗುವಾಗ ಅಂಡರ್‌ಪಾಸ್ ಸುತ್ತಿಕೊಂಡೇ ಹೋಗಲಿ ಅಂತ ಡ್ರೈವರ್‌ಗೂ ಒಂದು ಮಾತು ಹೇಳಿಬಿಡ್ರಿ.